ಗುಂಯ್‌ಗುಡುವ ಟಿ.ವಿ. ಮತ್ತು ಪಠ್ಯಪುಸ್ತಕದ ಧಾರಕ

2010ರ ಆಸುಪಾಸಿನಲ್ಲಿ ಕೊಂಡ ಎಲ್‌ಸಿಡಿ ಟಿ.ವಿ.ಯೊಂದು ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಇನ್ನೂ ದುಡಿಯುತ್ತಿದೆಯೆ? ಹಾಗಿದ್ದರೆ ಅದರ ಬೆನ್ನಿನ ಕಡೆ ಒಮ್ಮೆ ಕಿವಿಗೊಟ್ಟು ಕೇಳಿ. ಕೆಲವು ಟಿ.ವಿ.ಗಳು ಗುಂಯ್ ಎನ್ನುತ್ತವೆ. ಕೆಲವು ಕೀ ಎಂದು ಸಣ್ಣಗೆ ಕೂಗುತ್ತವೆ. ಇನ್ನು ಕೆಲವು ಸ್ವಿಚ್ ಹಾಕಿದ ಕೂಡಲೆ ಹೊತ್ತಿಕೊಳ್ಳದೆ ಟಿಕ್, ಟಿಕ್, ಟಿಕ್ ಎಂದು ಹಲವು ಬಾರಿ ಮಿಡಿದು ಆಮೇಲೆ ಚಿತ್ರ ತೋರಿಸುತ್ತವೆ. ರಿಪೇರಿಯವರನ್ನು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತದೆ. ಒಂದು: "ಪವರ್ ಬೋರ್ಡ್ ಹೋಗಿದೆ, ಬದಲಾಯಿಸಬೇಕು." ಇನ್ನೊಂದು: "ಕೆಪಾಸಿಟರ್ ಉಬ್ಬಿದೆ, ತೆಗೆದು ಹೊಸದು ಹಾಕಿದರೆ ಆಯಿತು."

ಎರಡನೆಯ ಉತ್ತರ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆದರೆ ಏಕೆ ಸರಿ ಎಂದು ಕೇಳಿದರೆ ರಿಪೇರಿಯವರ ಬಳಿ ವಿವರಣೆ ಇರುವುದಿಲ್ಲ. ಸೋಜಿಗವೆಂದರೆ ಭೌತವಿಜ್ಞಾನ ಓದಿದ ವಿದ್ಯಾರ್ಥಿಯ ಬಳಿಯೂ ಇರುವುದಿಲ್ಲ! ಧಾರಕದ ಬಗ್ಗೆ ಪುಟಗಟ್ಟಲೆ ಲೆಕ್ಕ ಮಾಡಿರುವ ವಿದ್ಯಾರ್ಥಿ, ಕೆಟ್ಟ ಧಾರಕವೊಂದನ್ನು ಕೈಯಲ್ಲಿ ಹಿಡಿದು ಅದು ಕೆಟ್ಟಿದೆ ಎಂದು ಹೇಳಲಾರ. ನಾವು ಧಾರಕವನ್ನು ಪಾಠ ಹೇಳುವ ಕ್ರಮದಲ್ಲೇ ಒಂದು ಕೊರತೆ ಇದೆ, ಹಳೆಯ ಟಿ.ವಿ.ಯ ಸದ್ದು ಆ ಕೊರತೆಯನ್ನು ಬಯಲು ಮಾಡುತ್ತದೆ ಎಂಬುದು ಈ ಲೇಖನದ ವಾದ.

ಯಾವ ಸದ್ದು?

ಮೊದಲು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ನಾಯ್ಸ್ ಎಂಬ ಒಂದೇ ಪದ ಎರಡು ಅರ್ಥದಲ್ಲಿ ಬಳಕೆಯಾಗುತ್ತದೆ. ಒಂದು, ಕಿವಿಗೆ ಕೇಳಿಸುವ ಸದ್ದು. ಇನ್ನೊಂದು, ಸ್ಥಿರವಾಗಿರಬೇಕಾದ ನೇರ ವಿದ್ಯುತ್ತಿನ ಮೇಲೆ ಸವಾರಿ ಮಾಡುವ ಬೇಡದ ಏರಿಳಿತ. ಎರಡನೆಯದನ್ನು ಕಿವಿ ಕೇಳದು, ಆಸಿಲೋಸ್ಕೋಪ್ ತೋರಿಸಬಲ್ಲದು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂದಿಲ್ಲ.

ಟಿ.ವಿ.ಯ ಮುಚ್ಚಳ ತೆಗೆಯದೆಯೇ ನೀವು ಒಂದಿಷ್ಟು ಪತ್ತೆ ಮಾಡಬಹುದು. ಹೆಡ್‌ಫೋನ್ ಸಿಕ್ಕಿಸಿ ನೋಡಿ. ಸಾಮಾನ್ಯವಾಗಿ ಆಗ ಟಿ.ವಿ.ಯ ಸ್ಪೀಕರ್ ಸುಮ್ಮನಾಗುತ್ತದೆ. ಆದರೂ ಪೆಟ್ಟಿಗೆಯಿಂದ ಸದ್ದು ಬರುತ್ತಿದ್ದರೆ ಅದು ಒಳಗಿನ ಬಿಡಿಭಾಗವೊಂದು ನಿಜವಾಗಿ ಕಂಪಿಸುತ್ತಿರುವ ಸದ್ದು. ಗುಂಯ್‌ಕಾರ ಹೆಡ್‌ಫೋನಿನಲ್ಲಿ ಕೇಳಿದರೆ ಅದು ವಿದ್ಯುತ್ ಏರಿಳಿತ, ಧ್ವನಿವರ್ಧಕ ಮಂಡಲದವರೆಗೆ ತಲುಪಿದೆ. ಆಗ ಕೇಬಲ್ ಅಥವಾ ಸೆಟ್ ಟಾಪ್ ಬಾಕ್ಸಿನ ತಂತಿಯನ್ನು ಕಳಚಿ ನೋಡಿ. ಸದ್ದು ನಿಂತರೆ ದೋಷ ಟಿ.ವಿ.ಯ ಹೊರಗಿದೆ. ಇನ್ನು ತೆರೆಯ ಪ್ರಕಾಶವನ್ನು ಏರಿಸಿ ಇಳಿಸಿ. ಸದ್ದೂ ಅದರೊಂದಿಗೆ ಬದಲಾದರೆ ತೆರೆಯ ಹಿಂಬದಿಯ ದೀಪಗಳನ್ನು ಬೆಳಗಿಸುವ ಇನ್ವರ್ಟರ್ ಕಡೆಗೆ ಅನುಮಾನ ಹೋಗಬೇಕು. ಪ್ರಕಾಶ ತಗ್ಗಿಸಲು ಆ ದೀಪಗಳನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುವುದು ಸಾಮಾನ್ಯ ವಿಧಾನ. ಆ ಆವೃತ್ತಿ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇದೆ.

ಈ ಮೂರು ಪರೀಕ್ಷೆಗಳಿಗೆ ಐದು ನಿಮಿಷ ಸಾಕು, ಖರ್ಚೂ ಇಲ್ಲ. ಆದರೂ ಇವನ್ನು ಮಾಡದೆ ನೇರವಾಗಿ ಬೋರ್ಡಿಗೆ ಕೈಹಾಕುವುದೇ ರೂಢಿ. ವಿಜ್ಞಾನದ ವಿಧಾನ ಎಂದು ನಾವು ತರಗತಿಯಲ್ಲಿ ಹೇಳುವುದು ಇದನ್ನೇ ಅಲ್ಲವೆ? ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸು, ಏನಾಗುತ್ತದೆಂದು ನೋಡು.

ಪಠ್ಯದ ಚಿತ್ರ, ಪೆಟ್ಟಿಗೆಯ ಚಿತ್ರ

ಪದವಿಪೂರ್ವ ತರಗತಿಯ ಅರೆವಾಹಕಗಳ ಅಧ್ಯಾಯದಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ಚಿತ್ರವಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ. ಡಯೋಡುಗಳು ಪರ್ಯಾಯ ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಕೊನೆಯಲ್ಲಿ ಒಂದು ಧಾರಕ ಉಬ್ಬುತಗ್ಗುಗಳನ್ನು ಸಮ ಮಾಡುತ್ತದೆ. ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಪೂರ್ಣತರಂಗ ದಿಷ್ಟೀಕರಣದ ಬಳಿಕ ಉಳಿಯುವ ಏರಿಳಿತದ ಆವೃತ್ತಿ 100 ಹರ್ಟ್ಸ್. ಧಾರಕ ದೊಡ್ಡದಾದಷ್ಟೂ ಏರಿಳಿತ ಸಣ್ಣದು. ಇಷ್ಟು ಪಾಠ.

ಈಗ ಟಿ.ವಿ.ಯ ಒಳಗೆ ನೋಡೋಣ. ಅಲ್ಲಿ 230 ವೋಲ್ಟ್ ವಿದ್ಯುತ್ತು ಮೊದಲು ಟ್ರಾನ್ಸ್‌ಫಾರ್ಮರಿಗೆ ಹೋಗುವುದೇ ಇಲ್ಲ. ನೇರವಾಗಿ ಡಯೋಡುಗಳ ಸೇತುವೆಗೆ ಹೋಗುತ್ತದೆ. 230ನ್ನು 1.414ರಿಂದ ಗುಣಿಸಿದರೆ ಸುಮಾರು 325 ವೋಲ್ಟ್. ಅನೇಕ ದೊಡ್ಡ ಟಿ.ವಿ.ಗಳಲ್ಲಿ ಇನ್ನೊಂದು ಮಂಡಲ ಇದನ್ನು 380ರಿಂದ 400 ವೋಲ್ಟಿಗೆ ಏರಿಸುತ್ತದೆ. ಅಲ್ಲಿ 450 ವೋಲ್ಟ್ ತಡೆಯಬಲ್ಲ ದಪ್ಪ ಧಾರಕವೊಂದು ಕೂತಿರುತ್ತದೆ. ಆಮೇಲೆ ಟ್ರಾನ್ಸಿಸ್ಟರೊಂದು ಈ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ಕತ್ತರಿಸಿ ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಅದರಾಚೆ ವೇಗದ ಡಯೋಡುಗಳು, ಧಾರಕಗಳು. ಕೊನೆಗೆ 5, 12, 24 ವೋಲ್ಟಿನಂಥ ನೇರ ವಿದ್ಯುತ್ತು. ಇದೇ ಎಸ್‌ಎಂಪಿಎಸ್. ಆವೃತ್ತಿ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಬಹುದು. ಟಿ.ವಿ. ಗೋಡೆಗೆ ಅಂಟುವಷ್ಟು ತೆಳ್ಳಗಾಗಲು ಇದೂ ಒಂದು ಕಾರಣ.

ಇಲ್ಲೊಂದು ಪ್ರಶ್ನೆ ಏಳಬೇಕು. ಮನುಷ್ಯನ ಕಿವಿ ಕೇಳುವುದು 20ರಿಂದ 20,000 ಹರ್ಟ್ಸ್‌ವರೆಗೆ ಮಾತ್ರ. 1,00,000 ಹರ್ಟ್ಸ್‌ನಲ್ಲಿ ದುಡಿಯುವ ಮಂಡಲದ ಸದ್ದು ನಮಗೇಕೆ ಕೇಳಬೇಕು? ಕೇಳಬಾರದು! ಕೇಳುತ್ತಿದೆ ಎಂದರೆ ಕತ್ತರಿಸುವ ಕೆಲಸ ಒಂದೇ ಸಮನೆ ನಡೆಯುತ್ತಿಲ್ಲ, ಬಿಟ್ಟು ಬಿಟ್ಟು ನಡೆಯುತ್ತಿದೆ ಎಂದು ಊಹಿಸಬಹುದು. ಹೊರೆ ತೀರ ಕಡಿಮೆಯಿದ್ದಾಗ ಎಷ್ಟೋ ನಿಯಂತ್ರಕ ಐಸಿಗಳು ಬೇಕೆಂದೇ ಹೀಗೆ ಮಾಡುತ್ತವೆ. ಆಗ ಸುರುಳಿಗಳು ಸಣ್ಣಗೆ ಹಾಡುವುದು ದೋಷವಲ್ಲ. ಆದರೆ ಹೊರವೋಲ್ಟೇಜು ವಿಪರೀತ ಏರಿಳಿಯುತ್ತಿದ್ದರೆ ನಿಯಂತ್ರಕಕ್ಕೆ ದಿಕ್ಕು ತಪ್ಪುತ್ತದೆ. ಹೆಚ್ಚು ಕೊಡುತ್ತದೆ, ತಡೆಯುತ್ತದೆ, ಮತ್ತೆ ಕೊಡುತ್ತದೆ. ಈ ತೂಗಾಟದ ಆವೃತ್ತಿ ಕಿವಿಯ ವ್ಯಾಪ್ತಿಗೆ ಇಳಿದಾಗ ಫೆರೈಟ್ ತಿರುಳೂ ತಾಮ್ರದ ಸುತ್ತುಗಳೂ ಕಂಪಿಸಿ ಗುಂಯ್‌ಗುಡುತ್ತವೆ. ದೋಷ ಇನ್ನೂ ಹೆಚ್ಚಾದರೆ ರಕ್ಷಣಾ ಏರ್ಪಾಡು ಇಡೀ ಮಂಡಲವನ್ನು ನಿಲ್ಲಿಸಿ, ತುಸು ತಡೆದು, ಮತ್ತೆ ಚಾಲೂ ಮಾಡಿ ನೋಡುತ್ತದೆ. ಆ ಟಿಕ್, ಟಿಕ್ ಈ ಪ್ರಯತ್ನದ ಸದ್ದು.

ಪಠ್ಯ ಬಿಟ್ಟ ರೋಧ

ಹೊರವೋಲ್ಟೇಜು ಏಕೆ ಏರಿಳಿಯುತ್ತದೆ? ಧಾರಕ ಕೆಟ್ಟಿರಬಹುದು ಎನ್ನುತ್ತೀರಿ. ಸರಿ, ಅದನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಮೇಲೆ 1000 ಮೈಕ್ರೊಫ್ಯಾರಡ್ ಎಂದು ಮುದ್ರಿಸಿದೆ. ಮೀಟರ್ 800 ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಇಂಥ ಧಾರಕಗಳಲ್ಲಿ ಶೇಕಡ 20ರಷ್ಟು ಹೆಚ್ಚುಕಡಿಮೆಗೆ ಸಾಮಾನ್ಯವಾಗಿ ಅನುಮತಿ ಇದೆ. ಅಂದರೆ ಪಠ್ಯದ ಪ್ರಕಾರ ಈ ಧಾರಕ ತೇರ್ಗಡೆ! ಆದರೆ ಅದನ್ನು ಬದಲಿಸಿದರೆ ಟಿ.ವಿ. ಸರಿಹೋಗುತ್ತದೆ. ಹಾಗಾದರೆ ತಪ್ಪು ಎಲ್ಲಿದೆ?

ಲೆಕ್ಕ ಮಾಡಿ ನೋಡೋಣ. ಪರ್ಯಾಯ ಪ್ರವಾಹಕ್ಕೆ ಧಾರಕ ಒಡ್ಡುವ ತಡೆಯನ್ನು ಕಂಡುಹಿಡಿಯಲು 1ನ್ನು ಎರಡು ಪೈ, ಆವೃತ್ತಿ, ಧಾರಕತೆ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. 1000 ಮೈಕ್ರೊಫ್ಯಾರಡಿಗೆ 100 ಹರ್ಟ್ಸ್‌ನಲ್ಲಿ ಉತ್ತರ ಸುಮಾರು 1.6 ಓಮ್. ಅದೇ ಧಾರಕಕ್ಕೆ 1,00,000 ಹರ್ಟ್ಸ್‌ನಲ್ಲಿ ಉತ್ತರ 0.0016 ಓಮ್. ಸಾವಿರ ಪಟ್ಟು ಕಡಿಮೆ, ಹೆಚ್ಚುಕಡಿಮೆ ಸೊನ್ನೆ.

ಆದರೆ ನಿಜವಾದ ಧಾರಕದೊಳಗೆ ಅಲ್ಯೂಮಿನಿಯಂ ಹಾಳೆಗಳಿವೆ, ಕಾಲುಗಳಿವೆ, ಕಾಗದವನ್ನು ನೆನೆಸಿದ ವಿದ್ಯುದ್ವಿಭಾಜ್ಯ ದ್ರವವಿದೆ. ಇವೆಲ್ಲಕ್ಕೂ ರೋಧವಿದೆ. ಅದೆಲ್ಲವನ್ನೂ ಒಟ್ಟು ಸೇರಿಸಿ, ಆದರ್ಶ ಧಾರಕದೊಂದಿಗೆ ಸರಣಿಯಲ್ಲಿ ಕೂತ ಒಂದು ರೋಧಕವೆಂದು ಭಾವಿಸುವುದು ವಾಡಿಕೆ. ಇದಕ್ಕೆ ಸಮಾನ ಸರಣಿ ರೋಧ ಎನ್ನೋಣ. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಇದು ಇಎಸ್‌ಆರ್. ಎಸ್‌ಎಂಪಿಎಸ್‌ಗೆಂದೇ ತಯಾರಾದ ಹೊಸ ಧಾರಕದಲ್ಲಿ ಇದು 0.03 ಓಮ್‌ನಷ್ಟು ಇರಬಹುದು. ಗಮನಿಸಿ: ಇದು ಕೂಡ ಆ 0.0016 ಓಮ್‌ಗಿಂತ ಸುಮಾರು 20 ಪಟ್ಟು ದೊಡ್ಡದು. ಅಂದರೆ 1,00,000 ಹರ್ಟ್ಸ್‌ನಲ್ಲಿ ಧಾರಕದ ವರ್ತನೆಯನ್ನು ನಿರ್ಧರಿಸುವುದು ಅದರ ಮೇಲೆ ಮುದ್ರಿಸಿದ ಧಾರಕತೆಯಲ್ಲ, ಮುದ್ರಿಸದ ರೋಧ.

ವರ್ಷಗಳು ಕಳೆದಂತೆ ದ್ರವ ಆವಿಯಾಗಿ ಒಣಗುತ್ತದೆ, ಈ ರೋಧ ಏರುತ್ತದೆ. ಅದು 1 ಓಮ್‌ಗೆ ಏರಿತೆನ್ನಿ. ಧಾರಕದ ಮೂಲಕ 1 ಆಂಪಿಯರ್‌ನಷ್ಟು ಏರಿಳಿತದ ಪ್ರವಾಹ ಹರಿದರೆ ಮೊದಲು 0.03 ವೋಲ್ಟ್ ಇದ್ದ ಕಂಪನ ಈಗ 1 ವೋಲ್ಟ್. 5 ವೋಲ್ಟಿನ ತಂತಿಯಲ್ಲಿ 1 ವೋಲ್ಟ್ ಏರಿಳಿತ! ನಿಯಂತ್ರಕ ತಬ್ಬಿಬ್ಬಾಗದೆ ಇನ್ನೇನು? ಸಾಲದೆಂಬಂತೆ, ಧಾರಕದೊಳಗೆ ಹುಟ್ಟುವ ಶಾಖ 0.03 ವ್ಯಾಟ್‌ನಿಂದ 1 ವ್ಯಾಟ್‌ಗೆ ಏರುತ್ತದೆ. ಶಾಖದಿಂದ ದ್ರವ ಇನ್ನೂ ಬೇಗ ಒಣಗುತ್ತದೆ, ಒಣಗಿದಷ್ಟೂ ರೋಧ ಏರುತ್ತದೆ. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ರೋಗ.

ಸಾಮಾನ್ಯ ಮಲ್ಟಿಮೀಟರ್ ಕಡಿಮೆ ಆವೃತ್ತಿಯಲ್ಲಿ ಅಳೆಯುವುದರಿಂದ ಈ ರೋಗ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. 100 ಹರ್ಟ್ಸ್‌ನ ಜಗತ್ತಿನಲ್ಲಿ ನಿಂತು 1,00,000 ಹರ್ಟ್ಸ್‌ನ ಕೆಲಸಗಾರನಿಗೆ ಪ್ರಮಾಣಪತ್ರ ಕೊಟ್ಟ ಹಾಗೆ ಅದು.

ಪಠ್ಯಪುಸ್ತಕ ಆದರ್ಶ ಧಾರಕವನ್ನು ಕಲಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಘರ್ಷಣೆಯಿಲ್ಲದ ಇಳಿಜಾರು, ತೂಕವಿಲ್ಲದ ರಾಟೆ ಇಲ್ಲದೆ ಭೌತವಿಜ್ಞಾನ ಮೊದಲ ಹೆಜ್ಜೆ ಇಡಲಾರದು. ಆದರೆ ಘರ್ಷಣೆಯ ವಿಷಯದಲ್ಲಿ ನಾವು ಮುಂದಿನ ಪುಟದಲ್ಲೇ ಅದನ್ನು ಮರಳಿ ತರುತ್ತೇವೆ. ವಿದ್ಯುತ್ಕೋಶದ ಪಾಠದಲ್ಲಿ ಒಳರೋಧದ ಬಗ್ಗೆ ಲೆಕ್ಕ ಕೊಡುತ್ತೇವೆ. ಧಾರಕಕ್ಕೆ ಮಾತ್ರ ಈ ನ್ಯಾಯ ಸಿಕ್ಕಿಲ್ಲ. ಕೋಶಕ್ಕೆ ಒಳರೋಧ ಇರುವಂತೆ ಧಾರಕಕ್ಕೂ ಇದೆ ಎಂಬ ಒಂದು ವಾಕ್ಯ, ಅದರ ಮೇಲೊಂದು ಲೆಕ್ಕ: ಇಷ್ಟು ಸೇರಿಸಲು ಅರ್ಧ ಪುಟ ಸಾಕು.

ಉಬ್ಬಿದ್ದನ್ನು ಬದಲಿಸಿದರೆ ಸಾಕೆ?

ರಿಪೇರಿಯ ರೂಢಿಯನ್ನೂ ಇದೇ ಒರೆಗಲ್ಲಿಗೆ ಹಚ್ಚೋಣ. ಧಾರಕದ ನೆತ್ತಿ ಉಬ್ಬಿದ್ದರೆ ಅದು ಕೆಟ್ಟಿದೆ ಎಂಬುದು ನಿಜ. ಆದರೆ ಉಬ್ಬಿಲ್ಲದ್ದು ಚೆನ್ನಾಗಿದೆ ಎಂಬುದು ನಿಜವಲ್ಲ. ದ್ರವ ಸದ್ದಿಲ್ಲದೆ ಒಣಗಿದ ಧಾರಕ ಹೊರನೋಟಕ್ಕೆ ಹೊಸದರಂತೆಯೇ ಇರುತ್ತದೆ. ನಿಯಂತ್ರಕ ಐಸಿಗೆ ವಿದ್ಯುತ್ ಒದಗಿಸುವ 22 ಅಥವಾ 47 ಮೈಕ್ರೊಫ್ಯಾರಡಿನ ಪುಟ್ಟ ಧಾರಕ ಬಿಸಿಯಾದ ಭಾಗಗಳ ನಡುವೆ ಕೂತು ಹೀಗೆಯೇ ಸಾಯುವುದುಂಟು. ಕಣ್ಣಿಗೆ ಬಿದ್ದ ನಾಲ್ಕನ್ನು ಬದಲಿಸಿ ಇದನ್ನು ಬಿಟ್ಟರೆ ಟಿ.ವಿ. ಮತ್ತೆ ಟಿಕ್ ಎನ್ನುತ್ತದೆ.

ಎರಡನೆಯ ತಪ್ಪು ಬದಲಿ ಧಾರಕದ ಆಯ್ಕೆಯಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲೋ "1000 ಮೈಕ್ರೊ, 25 ವೋಲ್ಟ್ ಕೊಡಿ" ಎಂದು ಕೇಳುವುದು ಸಾಲದು. 105 ಡಿಗ್ರಿ ಸೆಲ್ಸಿಯಸ್ ತಾಳುವ, ಕಡಿಮೆ ಇಎಸ್‌ಆರ್ ಉಳ್ಳ ಬಗೆಯೇ ಬೇಕು. 85 ಡಿಗ್ರಿಯ ಸಾಮಾನ್ಯ ಧಾರಕ ಹಾಕಿದರೆ ಸದ್ದು ಕೆಲಕಾಲ ನಿಂತು ಮತ್ತೆ ಶುರುವಾಗಬಹುದು. ದೊಡ್ಡದಿದ್ದಷ್ಟೂ ಒಳ್ಳೆಯದೆಂದು ದುಪ್ಪಟ್ಟು, ಮುಪ್ಪಟ್ಟು ಧಾರಕತೆ ಹಾಕುವುದೂ ಜಾಣತನವಲ್ಲ. ಚಾಲೂ ಆಗುವಾಗ ಅದನ್ನು ತುಂಬಲು ಹೆಚ್ಚು ಪ್ರವಾಹ ಬೇಕಾಗಿ ರಕ್ಷಣಾ ಏರ್ಪಾಡು ಅಡ್ಡ ಬರಬಹುದು.

ತಾಪದ ಮಹತ್ವ ಎಷ್ಟೆಂದು ಒಂದು ಸ್ಥೂಲ ನಿಯಮದಿಂದ ತಿಳಿಯಬಹುದು. ತಾಪ 10 ಡಿಗ್ರಿ ಇಳಿದರೆ ಇಂಥ ಧಾರಕದ ಆಯುಸ್ಸು ಸುಮಾರು ದುಪ್ಪಟ್ಟಾಗುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಧಾರಕ 85 ಡಿಗ್ರಿಯಲ್ಲಿ 8,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ದಿನಕ್ಕೆ 5 ಗಂಟೆ ಟಿ.ವಿ. ನೋಡುವ ಮನೆಯಲ್ಲಿ ಮೊದಲನೆಯದು ನಾಲ್ಕೂವರೆ ವರ್ಷಕ್ಕೂ ತುಸು ಕಡಿಮೆ, ಎರಡನೆಯದು ಹದಿನೇಳು ವರ್ಷಕ್ಕೂ ಹೆಚ್ಚು. ತಯಾರಕರು ಧಾರಕವನ್ನು ಬಿಸಿ ಹೀಟ್‌ಸಿಂಕಿಗೆ ಒತ್ತಿ ಕೂರಿಸಿದ್ದಾರೋ ದೂರ ಇಟ್ಟಿದ್ದಾರೋ ಎಂಬುದರ ಮೇಲೆ ಟಿ.ವಿ.ಯ ಆಯುಸ್ಸು ನಿಂತಿದೆ. ಇದು ಬಳಕೆದಾರರ ಬರಿಯ ಗೊಣಗಾಟವಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ದೋಷಪೂರಿತ ಧಾರಕಗಳಿಂದಾಗಿ ಪ್ರಪಂಚದಾದ್ಯಂತ ಕಂಪ್ಯೂಟರ್ ಮದರ್‌ಬೋರ್ಡುಗಳು ಕೆಟ್ಟಿದ್ದವು. ಟಿ.ವಿ.ಗಳ ಧಾರಕ ದೋಷದ ಬಗ್ಗೆ ಅಮೆರಿಕದಲ್ಲಿ ಸ್ಯಾಮ್‌ಸಂಗ್ ಕಂಪನಿಯ ಮೇಲೆ ಗ್ರಾಹಕರು ಹೂಡಿದ್ದ ಸಾಮೂಹಿಕ ಮೊಕದ್ದಮೆ 2012ರಲ್ಲಿ ರಾಜಿಯಲ್ಲಿ ಮುಗಿಯಿತು.

ಮೂರನೆಯ ತಪ್ಪು, ಎಲ್ಲ ಸದ್ದಿಗೂ ಧಾರಕವನ್ನೇ ದೂರುವುದು. ಸುರುಳಿಯ ವಾರ್ನಿಷ್ ಬಿಟ್ಟುಕೊಂಡು ತಂತಿ ಸಡಿಲವಾಗಿದ್ದರೂ ಕೀ ಎನ್ನುವ ಸದ್ದು ಬರುತ್ತದೆ. ಬೇರಿಯಂ ಟೈಟನೇಟಿನಿಂದ ಮಾಡಿದ ಸೆರಾಮಿಕ್ ಧಾರಕಗಳು ವೋಲ್ಟೇಜು ಏರಿಳಿದಾಗ ತುಸುವೇ ಹಿಗ್ಗಿ ಕುಗ್ಗಿ ಬೋರ್ಡನ್ನೇ ಕಂಪಿಸಬಲ್ಲವು. ಮುಂದಿನ ಮಂಡಲದಲ್ಲಿ ಎಲ್ಲೋ ಶಾರ್ಟ್ ಆಗಿದ್ದರೂ ರಕ್ಷಣಾ ಏರ್ಪಾಡು ಟಿಕ್ ಎನ್ನುತ್ತದೆ. ಆಗ ಧಾರಕಗಳನ್ನೆಲ್ಲ ಬದಲಿಸಿದರೂ ಫಲವಿಲ್ಲ.

ಕೈಹಾಕುವ ಮುನ್ನ

ಇಲ್ಲಿ ಗಂಭೀರವಾದ ಎಚ್ಚರಿಕೆಯೊಂದನ್ನು ಹೇಳಲೇಬೇಕು. 390 ವೋಲ್ಟಿಗೆ ತುಂಬಿದ 150 ಮೈಕ್ರೊಫ್ಯಾರಡ್ ಧಾರಕದಲ್ಲಿ 11 ಜೂಲ್‌ಗೂ ಹೆಚ್ಚು ಶಕ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಉಳಿದಿರಬಹುದು. ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಖಾಲಿ ಮಾಡುವ ರೂಢಿ ಅಪಾಯಕರ. ತಿಳಿದವರು ತಕ್ಕ ರೋಧಕದ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ವೋಲ್ಟೇಜು ಇಳಿದದ್ದನ್ನು ನೋಡಿಯೇ ಮುಂದುವರಿಯುತ್ತಾರೆ. ಆಸಿಲೋಸ್ಕೋಪಿನ ಭೂಸಂಪರ್ಕದ ಕ್ಲಿಪ್ಪನ್ನು ಈ ಮಂಡಲದ 230 ವೋಲ್ಟಿನ ಬದಿಗೆ ಸಿಕ್ಕಿಸಿದರೆ ನೇರ ಶಾರ್ಟ್ ಆಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಟಿ.ವಿ.ಯ ಮುಚ್ಚಳ ತೆಗೆಯಕೂಡದು. ಅದು ಅನುಭವಿ ತಂತ್ರಜ್ಞರ ಕೆಲಸ.

ಹಾಗೆಂದು ಕಲಿಕೆಗೆ ದಾರಿ ಮುಚ್ಚಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಸಿಗ್ನಲ್ ಜನರೇಟರೂ ಆಸಿಲೋಸ್ಕೋಪೂ ಇದ್ದರೆ ಈ ಪ್ರಯೋಗ ಮಾಡಿ. ಜನರೇಟರಿನ ಹೊರರೋಧ 50 ಓಮ್ ಇರಲಿ, ತೆರೆದ ಸ್ಥಿತಿಯಲ್ಲಿ 5 ವೋಲ್ಟ್ ಶೃಂಗ ಕೊಡುವಂತೆ ಹೊಂದಿಸಿ, ನೇರ ವೋಲ್ಟೇಜು ಬೆರೆಯದಂತೆ ನೋಡಿಕೊಳ್ಳಿ. ಅದರ ಹೊರಕೊನೆಗಳಿಗೆ 1000 ಮೈಕ್ರೊಫ್ಯಾರಡ್ ಧಾರಕವನ್ನು ಜೋಡಿಸಿ. ಧಾರಕದ ತಡೆ 50 ಓಮ್‌ಗಿಂತ ತೀರ ಕಡಿಮೆಯಾದ್ದರಿಂದ ಹರಿಯುವ ಪ್ರವಾಹ ಸುಮಾರು 0.1 ಆಂಪಿಯರ್. 100 ಹರ್ಟ್ಸ್‌ನಲ್ಲಿ ಧಾರಕದ ಮೇಲೆ ಸುಮಾರು 160 ಮಿಲಿವೋಲ್ಟ್ ಕಾಣಬೇಕು. ಆವೃತ್ತಿಯನ್ನು 1,00,000 ಹರ್ಟ್ಸ್‌ಗೆ ಏರಿಸಿ. ಆದರ್ಶ ಧಾರಕದ ಲೆಕ್ಕದಂತೆ 0.16 ಮಿಲಿವೋಲ್ಟ್ ಬರಬೇಕು. ಬರುವುದೋ ಕೆಲವು ಮಿಲಿವೋಲ್ಟ್. ಆ ವ್ಯತ್ಯಾಸದ ಬಹುಪಾಲು ಧಾರಕದ ಒಳರೋಧದ್ದು, ಸ್ವಲ್ಪ ಪಾಲು ತಂತಿಗಳ ಪ್ರೇರಕತೆಯದ್ದು. ಈಗ ಧಾರಕದೊಂದಿಗೆ ಸರಣಿಯಲ್ಲಿ 1 ಓಮ್ ರೋಧಕ ಸೇರಿಸಿ, ಎರಡರ ಮೇಲೂ ಬೀಳುವ ವೋಲ್ಟೇಜನ್ನು ಅಳೆಯಿರಿ. ಸುಮಾರು 100 ಮಿಲಿವೋಲ್ಟ್! ನೀವು ಈಗಷ್ಟೆ ಒಂದು ಮುದಿ ಧಾರಕವನ್ನು ತಯಾರಿಸಿದಿರಿ. ಹಳೆಯ ಬೋರ್ಡಿನಿಂದ ತಂತ್ರಜ್ಞರು ಬಿಚ್ಚಿಕೊಟ್ಟ ಧಾರಕ ಸಿಕ್ಕಿದರೆ ಅದನ್ನೂ ಇಲ್ಲೇ ಪರೀಕ್ಷಿಸಬಹುದು.

ಏಕಿಷ್ಟು ಚಿಂತೆ?

ಒಂದು ಹಳೆಯ ಟಿ.ವಿ.ಗಾಗಿ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಆ ಕಾಲದ ಅನೇಕ ಎಲ್‌ಸಿಡಿ ಟಿ.ವಿ.ಗಳ ಹಿಂಬದಿಯ ದೀಪ ತಣ್ಣನೆ ಕ್ಯಾಥೋಡಿನ ಪ್ರತಿದೀಪ್ತಿ ದೀಪ. ಅದರಲ್ಲಿ ಪಾದರಸವಿದೆ. ಗುಜರಿಗೆ ಹೋದ ಟಿ.ವಿ.ಯನ್ನು ಒಡೆಯುವಾಗ ಅದು ಯಾರ ಉಸಿರಿಗೆ ಸೇರುತ್ತದೆ? ಇ-ತ್ಯಾಜ್ಯದ ನಿರ್ವಹಣೆಗೆ ದೇಶದಲ್ಲಿ 2022ರ ನಿಯಮಗಳಿವೆ, ಅವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆದಿದೆ. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಮಂಡಲ ನಕ್ಷೆ ಸಿಗದ ತಂತ್ರಜ್ಞ ಇಡೀ ಬೋರ್ಡನ್ನೇ ಬದಲಿಸಿ ಎನ್ನುವುದು ಅವನ ಸೋಮಾರಿತನವಲ್ಲ, ನಕ್ಷೆ ಕೊಡದವರ ತಪ್ಪು. ಬೋರ್ಡು ಸಿಗದಿದ್ದರೆ ಟಿ.ವಿ. ಗುಜರಿಗೆ. ಕೆಲವು ರೂಪಾಯಿಯ ಬಿಡಿಭಾಗವೊಂದರ ಸಲುವಾಗಿ ಗಾಜು, ಲೋಹ, ಪಾದರಸ ಎಲ್ಲವೂ ತಿಪ್ಪೆಗೆ.

ಎಲ್ಲ ಹಳೆಯ ಟಿ.ವಿ.ಗಳನ್ನೂ ಉಳಿಸಲೇಬೇಕೆಂಬ ಹಟ ಬೇಡ. ತೆರೆಯೇ ಕೆಟ್ಟಿದ್ದರೆ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡುವುದೇ ಸರಿ. ಆದರೆ ಉಳಿಸುವುದೋ ಬಿಡುವುದೋ ಎಂಬ ತೀರ್ಮಾನ ಅಳತೆಯಿಂದ ಬರಬೇಕು, ಊಹೆಯಿಂದಲ್ಲ.

ಉಪಾಧ್ಯಾಯರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಧಾರಕದ ಪಾಠ ಮಾಡುವಾಗ, ಅದು ಎಷ್ಟು ಆವೇಶ ಹಿಡಿಯುತ್ತದೆ ಎಂಬ ಪ್ರಶ್ನೆಯ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಯಾವ ಆವೃತ್ತಿಯಲ್ಲಿ? ಎಷ್ಟು ಬಿಸಿಯಲ್ಲಿ? ಈ ಎರಡು ಪ್ರಶ್ನೆ ಕೇಳಲು ಕಲಿತ ವಿದ್ಯಾರ್ಥಿಗೆ ಗುಂಯ್‌ಗುಡುವ ಟಿ.ವಿ. ಬರಿಯ ಕಿರಿಕಿರಿಯಾಗಿ ಕೇಳುವುದಿಲ್ಲ. ಅದು ಬಿಡಿಸಬಹುದಾದ ಲೆಕ್ಕವಾಗಿ ಕೇಳುತ್ತದೆ.